ಒಂದೇ ತಾಯಿಯ ಮಕ್ಕಳು, ಒಬ್ಬರ ಮೈ ಮಾತ್ರ ಯಾಕೆ ಇಷ್ಟು ಬೇಗ ಸವೆಯಿತು?

ಮಳೆಹನಿ:

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಇದೆ, ಪುರುಸೊತ್ತು ಮಾಡಿಕೊಂಡು ಓದಿ.

ಅಪ್ಪ ಮತ್ತು ದೊಡ್ಡಪ್ಪ ಇಬ್ಬರೇ ಅಣ್ಣತಮ್ಮಂದಿರು. ಇಬ್ಬರ ನಡುವೆ ಎರಡು ವರ್ಷದ ಅಂತರ. ತಾತ ಬೇಗ ತೀರಿಕೊಂಡರು. ಆಗ ದೊಡ್ಡಪ್ಪನಿಗೆ ಹದಿನಾಲ್ಕು. ಶಾಲೆ ಬಿಟ್ಟು ಗೋದಾಮಿನಲ್ಲಿ ಲಾರಿಗೆ ಮೂಟೆ ತುಂಬುವ ಕೆಲಸಕ್ಕೆ ಸೇರಿದರು. ಅವರು ದುಡಿದು ತಂದಿದ್ದರಲ್ಲೇ ಅಪ್ಪ ಓದಿದರು, ಓದಿ ಆಫೀಸಿನ ಕೆಲಸ ಹಿಡಿದರು. ಈಗ ಅಪ್ಪನಿಗೆ 61, ದೊಡ್ಡಪ್ಪನಿಗೆ 63. ಅಪ್ಪ ಈಗಲೂ ಮೆಟ್ಟಿಲು ಹತ್ತುವಾಗ ಮಾತಾಡುತ್ತಲೇ ಹತ್ತುತ್ತಾರೆ. ದೊಡ್ಡಪ್ಪನಿಗೆ 52ಕ್ಕೇ ಹಾರ್ಟ್ ಅಟ್ಯಾಕ್ ಆಯಿತು, ಬಿಪಿ ಇದೆ, ಶುಗರ್ ಇದೆ, ಎರಡೂ ಮಂಡಿ ಹೋಗಿವೆ. ಮೂಟೆ ಹೊರಲು ಆಗದ ಮೇಲೆ ಗೇಟು ಕಾಯುವ ಕೆಲಸಕ್ಕೆ ಹಾಕಿದ್ದಾರೆ.

ಹೋದ ತಿಂಗಳು ಇಬ್ಬರೂ ಆಸ್ಪತ್ರೆಗೆ ಹೋಗಿದ್ದರು, ನಾನೂ ಇದ್ದೆ. ಚೀಟಿ ಬರೆಯುವವರು ದೊಡ್ಡಪ್ಪನನ್ನು ತೋರಿಸಿ ಅಪ್ಪನನ್ನು ಕೇಳಿದರು, "ಇವರು ನಿಮ್ಮ ತಂದೆಯಾ?" ಅಪ್ಪ ಏನೂ ಹೇಳಲಿಲ್ಲ. ಆಮೇಲೆ ಬೆಂಚಿನ ಮೇಲೆ ಕೂತು ತುಂಬಾ ಹೊತ್ತು ಆ ಚೀಟಿಯನ್ನೇ ಮಡಚುತ್ತಾ, ಬಿಚ್ಚುತ್ತಾ ಇದ್ದರು.

ಡಾಕ್ಟರ್ ಹೇಳಿದ್ದು ನಾಲ್ಕು ಮಾತು. ಸಿಗರೇಟು ಬಿಡಿ, ದಿನಾ ವಾಕಿಂಗ್ ಮಾಡಿ, ಚೆನ್ನಾಗಿ ನಿದ್ದೆ ಮಾಡಿ, ಟೆನ್ಶನ್ ಮಾಡಿಕೊಳ್ಳಬೇಡಿ. ಮನೆಯಲ್ಲೂ ಎಲ್ಲರದ್ದೂ ಅದೇ ಮಾತು, "ಸೇದಿ ಸೇದಿ ಹಾಳು ಮಾಡಿಕೊಂಡ." ಸೇದುತ್ತಾರೆ, ನಿಜ. ಅಪ್ಪನೂ ನಲವತ್ತರವರೆಗೆ ಸೇದಿದವರೇ. ನಲವತ್ತು ವರ್ಷ ಮೂಟೆ ಹೊತ್ತವರಿಗೆ ಮೈಗೆ ಕೆಲಸ ಸಾಲದು ಅಂದರೆ ನನಗಂತೂ ಅರ್ಥ ಆಗಲಿಲ್ಲ. ಒಂದೇ ರಕ್ತ, ಒಂದೇ ಮನೆ, ಒಂದೇ ತಟ್ಟೆಯಲ್ಲಿ ಉಂಡವರು. ಇದೆಲ್ಲಾ ನಿಜವಾಗಿಯೂ ಅವರ ತಪ್ಪೇನಾ? ಇಲ್ಲಾ ಮಾಡಿದ ಕೆಲಸ, ಸಿಕ್ಕ ಸಂಬಳ, ಜನ ಕೊಟ್ಟ ಮರ್ಯಾದೆ, ಇವೂ ಮೈಯೊಳಗೆ ಇಳಿಯುತ್ತವಾ? ಗೊತ್ತಿದ್ದವರು ಹೇಳಿ.

ಹಳೇಪೆನ್ನು:

ಇಳಿಯುತ್ತವೆ. ನಾನು ಬಹಳ ವರ್ಷ ಸಾರ್ವಜನಿಕ ಆರೋಗ್ಯದ ಪಾಠ ಮಾಡಿದವನು, ಈ ಪ್ರಶ್ನೆಗೆ ಸಾಕಷ್ಟು ಗಟ್ಟಿ ಉತ್ತರ ಇದೆ, ಹೇಳುತ್ತೇನೆ.

1967ರಲ್ಲಿ ಲಂಡನ್ನಿನ ಸರ್ಕಾರಿ ಕಚೇರಿಗಳಲ್ಲಿ ಒಂದು ಅಧ್ಯಯನ ಶುರುವಾಯಿತು. ವೈಟ್‌ಹಾಲ್ ಅಧ್ಯಯನ ಅಂತಲೇ ಹೆಸರು. ಸುಮಾರು 18,000 ಗಂಡಸರನ್ನು ವರ್ಷಗಟ್ಟಲೆ ಗಮನಿಸಿದರು. ಅಲ್ಲಿ ಉಪವಾಸ ಇದ್ದವರು ಯಾರೂ ಇರಲಿಲ್ಲ. ಎಲ್ಲರಿಗೂ ಕಾಯಂ ಕೆಲಸ, ತಿಂಗಳ ಸಂಬಳ. 1948ರಿಂದಲೇ ಆ ದೇಶದಲ್ಲಿ ಸರ್ಕಾರಿ ಆರೋಗ್ಯ ಸೇವೆ ಎಲ್ಲರಿಗೂ ಸಿಗುತ್ತಿತ್ತು. ಆಗಿನ ಜನ ನಂಬಿದ್ದು, ಹಾರ್ಟ್ ಅಟ್ಯಾಕ್ ದೊಡ್ಡ ಅಧಿಕಾರಿಗಳ ಕಾಯಿಲೆ, ಅವರ ತಲೆ ಮೇಲೆ ಜವಾಬ್ದಾರಿ ಜಾಸ್ತಿ ಅಂತ. ಸಿಕ್ಕಿದ್ದು ಪೂರ್ತಿ ಉಲ್ಟಾ. ಜವಾನರು, ಬಾಗಿಲು ಕಾಯುವವರು ಸಾಯುವ ಪ್ರಮಾಣ ಮೇಲಿನ ಅಧಿಕಾರಿಗಳಿಗಿಂತ ಸುಮಾರು ಮೂರು ಪಟ್ಟು ಹೆಚ್ಚಿತ್ತು. ಅದಕ್ಕಿಂತ ದೊಡ್ಡ ವಿಷಯ ಇನ್ನೊಂದು. ಇದು ಬರೀ ಮೇಲಿನವರು, ಕೆಳಗಿನವರು ಅಂತ ಎರಡು ಗುಂಪಿನ ಕಥೆ ಆಗಿರಲಿಲ್ಲ. ಮೆಟ್ಟಿಲು ಮೆಟ್ಟಿಲಾಗಿ ಇತ್ತು. ಮೇಲಿನಿಂದ ಎರಡನೇ ಮೆಟ್ಟಿಲಲ್ಲಿ ಇದ್ದವರು, ಅಂದರೆ ಒಳ್ಳೆಯ ಸಂಬಳ ತೆಗೆದುಕೊಳ್ಳುವವರೇ, ಮೊದಲ ಮೆಟ್ಟಿಲಿನವರಿಗಿಂತ ಬೇಗ ಸಾಯುತ್ತಿದ್ದರು. ಮೂರನೆಯವರು ಎರಡನೆಯವರಿಗಿಂತ ಬೇಗ. ಹಾಗಾಗಿ ಇದು ಬಡವರ ಸಮಸ್ಯೆ ಮಾತ್ರ ಅಂತ ಪಕ್ಕಕ್ಕೆ ತಳ್ಳುವ ಹಾಗಿಲ್ಲ.

ಈಗ ಸಿಗರೇಟಿನ ವಿಷಯ. ಕೆಳಗಿನ ಹುದ್ದೆಯವರು ಜಾಸ್ತಿ ಸೇದುತ್ತಿದ್ದರು, ಅದು ಸುಳ್ಳಲ್ಲ. ಆದರೆ ಸಿಗರೇಟು, ಬಿಪಿ, ಕೊಲೆಸ್ಟ್ರಾಲ್ ಎಲ್ಲಾ ಲೆಕ್ಕಕ್ಕೆ ತೆಗೆದುಕೊಂಡರೂ ಹೃದಯದ ಕಾಯಿಲೆಯ ಆ ಅಂತರದಲ್ಲಿ ಸುಮಾರು ಮೂರನೇ ಒಂದು ಭಾಗಕ್ಕಷ್ಟೇ ಕಾರಣ ಸಿಕ್ಕಿತು. ಸಿಗರೇಟನ್ನು ಮುಟ್ಟದವರಲ್ಲೂ ಅದೇ ಮೆಟ್ಟಿಲು ಕಾಣಿಸಿತು. ಉಳಿದದ್ದಕ್ಕೆ ಕಾರಣ ಏನು ಅಂತ ಹುಡುಕಲು ಮೈಕೆಲ್ ಮಾರ್ಮಟ್ ಅನ್ನುವ ಸಂಶೋಧಕರು ಮತ್ತು ಅವರ ಜೊತೆಯವರು 1985ರಲ್ಲಿ ಎರಡನೇ ಅಧ್ಯಯನ ಶುರು ಮಾಡಿದರು. ಈ ಸಲ ಹೆಂಗಸರೂ ಸೇರಿ 10,308 ಜನ. ಅದರಲ್ಲಿ ಎದ್ದು ಕಂಡಿದ್ದು ಒಂದು ಮಾತು, ಕೆಲಸದ ಮೇಲಿನ ಹಿಡಿತ. ಯಾವಾಗ ಕೂರಬೇಕು, ಯಾವಾಗ ಏಳಬೇಕು, ಯಾವುದನ್ನು ಮೊದಲು ಮಾಡಬೇಕು ಅಂತ ನೀವೇ ತೀರ್ಮಾನ ಮಾಡುತ್ತೀರಾ, ಇಲ್ಲಾ ಇನ್ನೊಬ್ಬರು ಹೇಳಿದ ಹಾಗೆ ಕುಣಿಯುತ್ತೀರಾ? ಹಿಡಿತ ಕಡಿಮೆ ಇದ್ದವರಲ್ಲಿ ಹೃದಯದ ಕಾಯಿಲೆ ಜಾಸ್ತಿ. ಅಧಿಕಾರಿಗೂ ಒತ್ತಡ ಇರುತ್ತದೆ, ಇಲ್ಲ ಅನ್ನುತ್ತಿಲ್ಲ. ಆದರೆ ಅವನು ಬಾಗಿಲು ಹಾಕಿಕೊಂಡು ಹತ್ತು ನಿಮಿಷ ಸುಮ್ಮನೆ ಕೂರಬಹುದು. ಲಾರಿ ಬಂದು ನಿಂತಾಗ ನಿಮ್ಮ ದೊಡ್ಡಪ್ಪ ಕೂರುವ ಹಾಗಿರಲಿಲ್ಲ.

ಮೈಯೊಳಗೆ ಆಗುವುದು ಇಷ್ಟು. ಅಪಾಯ ಅನಿಸಿದ ಕೂಡಲೇ ಎದೆ ಜೋರಾಗಿ ಬಡಿಯುತ್ತದೆ, ರಕ್ತಕ್ಕೆ ಸಕ್ಕರೆ ಬಂದು ಸೇರುತ್ತದೆ, ಕಾರ್ಟಿಸೋಲ್ ಅನ್ನುವ ಹಾರ್ಮೋನ್ ಏರುತ್ತದೆ. ಹತ್ತು ನಿಮಿಷಕ್ಕೆ ಅದು ಒಳ್ಳೆಯದೇ, ಜೀವ ಉಳಿಸುತ್ತದೆ. ಬಾಡಿಗೆ, ಸಾಲ, ನಾಳೆ ಕೆಲಸ ಇರುತ್ತದೋ ಇಲ್ಲವೋ ಅನ್ನುವ ಚಿಂತೆ ಹತ್ತು ನಿಮಿಷಕ್ಕೆ ಮುಗಿಯುವುದಿಲ್ಲ. ವರ್ಷಗಟ್ಟಲೆ ಮೈ ಹಾಗೇ ಸೆಟೆದುಕೊಂಡು ಇದ್ದರೆ ಬಿಪಿ ಕೆಳಗಿಳಿಯುವುದೇ ಇಲ್ಲ, ಹೊಟ್ಟೆಯ ಸುತ್ತ ಕೊಬ್ಬು ಸೇರುತ್ತದೆ, ಇನ್ಸುಲಿನ್ ಕೆಲಸ ಮಾಡುವುದು ಕಡಿಮೆಯಾಗುತ್ತದೆ, ರಕ್ತನಾಳ ಗಡಸಾಗುತ್ತದೆ. ಗಾಯ ಕೂಡ ನಿಧಾನಕ್ಕೆ ಮಾಯುತ್ತದೆ.

ಮೂಟೆ ಹೊರುವುದೂ ವಾಕಿಂಗೂ ಒಂದೇ ಅಲ್ಲ. ವಾಕಿಂಗ್ ಹೋದವರು ಸುಸ್ತಾದರೆ ನಿಲ್ಲುತ್ತಾರೆ, ಮನೆಗೆ ಬಂದು ಕಾಲು ಚಾಚುತ್ತಾರೆ. ಭಾರ ಎತ್ತುವ ಕೆಲಸದಲ್ಲಿ ಬಿಪಿ ಗಂಟೆಗಟ್ಟಲೆ ಏರಿದ್ದು ಏರಿದ ಹಾಗೇ ಇರುತ್ತದೆ, ಮೈ ಚೇತರಿಸಿಕೊಳ್ಳುವ ಮೊದಲೇ ಬೆಳಗಾಗಿರುತ್ತದೆ. ನೀವು ಕೇಳಿದ್ದು ಸರಿಯಾದ ಪ್ರಶ್ನೆ.

ವಾರ್ಡ್ ಏಳು:

ನಾನು ನರ್ಸ್, ಇಪ್ಪತ್ತೆರಡು ವರ್ಷದ ಸರ್ವೀಸು. ಅಂಕಿಅಂಶ ಮೇಲಿನವರು ಹೇಳಿದ್ದಾರೆ, ನಾನು ಹಾಸಿಗೆ ಪಕ್ಕ ನಿಂತು ನೋಡಿದ್ದನ್ನು ಹೇಳುತ್ತೇನೆ.

ಒಬ್ಬ ಅಕ್ಕ ಬರುತ್ತಿದ್ದರು, ಆಫೀಸುಗಳಲ್ಲಿ ಕಸ ಗುಡಿಸಿ ನೆಲ ಒರೆಸುವ ಕೆಲಸ. ಬಿಪಿ ಯಾವಾಗ ನೋಡಿದರೂ ಜಾಸ್ತಿ. ಡಾಕ್ಟರ್ ಪ್ರತಿ ಸಲ ಮಾತ್ರೆಯ ಡೋಸ್ ಏರಿಸುತ್ತಿದ್ದರು, ಪ್ರತಿ ಸಲ ಬೈಯುತ್ತಿದ್ದರು. ಒಂದು ದಿನ ನಾನು ಅವರ ಚೀಲದಿಂದ ಮಾತ್ರೆಯ ಹಾಳೆ ತೆಗೆದು ನೋಡಿದೆ. ಒಂದೊಂದು ಮಾತ್ರೆಯನ್ನೂ ಬ್ಲೇಡಿನಲ್ಲಿ ಅರ್ಧಕ್ಕೆ ಕತ್ತರಿಸಿ, ಉಳಿದ ಅರ್ಧವನ್ನು ಅದೇ ಗುಳಿಯಲ್ಲಿಟ್ಟು ಟೇಪ್ ಅಂಟಿಸಿದ್ದರು. ಎಷ್ಟು ನೀಟಾಗಿ ಅಂದರೆ, ಒಂದೂ ಪುಡಿಯಾಗಿರಲಿಲ್ಲ. ಕೇಳಿದ್ದಕ್ಕೆ ಹೇಳಿದರು, "ತಿಂಗಳಿಗೆ ಎರಡು ಸಲ ಬರಲು ಆಗಲ್ಲ ಸಿಸ್ಟರ್, ಒಂದು ದಿನ ಬಂದರೆ ಅವತ್ತಿನ ಕೂಲಿ ಹೋಯಿತು, ಅದಕ್ಕೆ ಇದನ್ನೇ ಎಳೆಯುತ್ತೀನಿ." ಇಷ್ಟು ಜೋಪಾನವಾಗಿ ಮಾತ್ರೆ ಇಟ್ಟುಕೊಂಡವರನ್ನು ನಾವು ಅಸಡ್ಡೆ ಅಂತ ಬೈದಿದ್ದೆವು. ಆ ಟೇಪ್ ಅಂಟಿಸಿದ ಹಾಳೆ ನನಗೆ ಇವತ್ತಿಗೂ ಕಣ್ಣ ಮುಂದೆ ಇದೆ.

ವೇಲ್ಸ್‌ನ ಗಣಿ ಊರೊಂದರಲ್ಲಿ ಕೆಲಸ ಮಾಡಿದ ಜೂಲಿಯನ್ ಟ್ಯೂಡರ್ ಹಾರ್ಟ್ ಅನ್ನುವ ಡಾಕ್ಟರ್ 1971ರಲ್ಲೇ ಇದನ್ನು ಬರೆದರು. ಒಳ್ಳೆಯ ಚಿಕಿತ್ಸೆ ಯಾರಿಗೆ ಜಾಸ್ತಿ ಬೇಕೋ ಅವರಿಗೇ ಕಡಿಮೆ ಸಿಗುತ್ತದೆ ಅಂತ. ಬರೀ ಆಸ್ಪತ್ರೆ ಎಷ್ಟು ದೂರ ಅನ್ನುವ ಮಾತಲ್ಲ ಇದು. ಆಸ್ಪತ್ರೆ ತೆರೆದಿರುವುದೇ ಅವರ ಕೆಲಸದ ಹೊತ್ತಿನಲ್ಲಿ. ಓದಿದವರು ಬಂದರೆ ಡಾಕ್ಟರ್ ಹತ್ತು ನಿಮಿಷ ಮಾತಾಡುತ್ತಾರೆ, ಯಾಕೆಂದರೆ ಅವರು ಮತ್ತೆ ಮತ್ತೆ ಕೇಳುತ್ತಾರೆ. ನಿಮ್ಮ ದೊಡ್ಡಪ್ಪನಂಥವರು "ಆಯ್ತು ಸಾರ್" ಅಂದು ಎದ್ದುಬಿಡುತ್ತಾರೆ. ಅರ್ಥ ಆಗಿದೆಯೋ ಇಲ್ಲವೋ ನಾವೂ ಕೇಳುವುದಿಲ್ಲ.

ಒಂದು ಕೆಲಸ ಮಾಡಿ. ದೊಡ್ಡಪ್ಪನ ಮಾತ್ರೆ ಎಣಿಸಿ. ತಂದ ದಿನ ನೋಡಿ, ಇವತ್ತಿಗೆ ಎಷ್ಟು ಉಳಿದಿರಬೇಕು, ಎಷ್ಟು ಉಳಿದಿದೆ ನೋಡಿ. ಬೈಯಬೇಡಿ, ಕಾರಣ ಕೇಳಿ.

ನೇರಮಾತು:

ಎಲ್ಲರೂ ಒಂದೇ ಕಡೆ ಮಾತಾಡುತ್ತಿದ್ದೀರಿ, ನಾನು ಇನ್ನೊಂದು ಕಡೆ ಹೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ.

ನಮ್ಮಮ್ಮ ಬಟ್ಟೆ ಹೊಲಿದು ನಮ್ಮ ಮೂವರನ್ನು ಸಾಕಿದವರು. ಒಂದೇ ಕೋಣೆಯ ಮನೆ. ಈಗ 84, ಕನ್ನಡಕ ಇಲ್ಲದೆ ಸೂಜಿಗೆ ದಾರ ಪೋಣಿಸುತ್ತಾರೆ. ಬಡತನ ಕಾಯಿಲೆ ತರುತ್ತದೆ ಅನ್ನುವುದಾದರೆ ಅವರಿಗೆ ಯಾಕೆ ಬರಲಿಲ್ಲ? ಶಿಸ್ತು ಇತ್ತು. ಯಾವ ಚಟವೂ ಇರಲಿಲ್ಲ. ಸಮಾಜದ ಮೇಲೆ ಹಾಕಿಬಿಟ್ಟರೆ ಸೇದುವವರಿಗೆ ಒಂದು ನೆಪ ಸಿಕ್ಕಿತು ಅಷ್ಟೇ, ನಾಳೆಯಿಂದ ಬಿಡುವ ಪ್ರಯತ್ನವನ್ನೂ ಮಾಡುವುದಿಲ್ಲ. ಇದು ನನ್ನ ನಿಜವಾದ ಭಯ. ನನ್ನ ಅಣ್ಣ ಹೀಗೇ ನೆಪ ಹೇಳಿ ಹೇಳಿ ಹೋಗಿಬಿಟ್ಟ, ನಲವತ್ತೇಳಕ್ಕೆ.

ಇನ್ನೊಂದು. ಕಾಯಿಲೆ ಬಂದವರು ಕೆಲಸ ಕಳೆದುಕೊಂಡು ಬಡವರಾಗುತ್ತಾರೆ, ಅದೂ ಇದೆ ಅಲ್ವಾ? ಯಾವುದು ಮೊದಲು ಅಂತ ಹೇಗೆ ಹೇಳುತ್ತೀರಿ?

ಹಳೇಪೆನ್ನು:

ನಿಮ್ಮ ಅಣ್ಣನ ವಿಷಯ ಓದಿ ಸಂಕಟ ಆಯಿತು. ಎರಡೂ ಪ್ರಶ್ನೆ ನ್ಯಾಯವಾದವು.

ಎರಡನೆಯದು ಮೊದಲು. ಹೌದು, ಕಾಯಿಲೆ ಬಡತನ ತರುತ್ತದೆ. ವಿಶ್ವ ಆರೋಗ್ಯ ಸಂಸ್ಥೆ 2017ರಲ್ಲಿ ಹೇಳಿದ್ದು, ಆಸ್ಪತ್ರೆ ಖರ್ಚಿನಿಂದಲೇ ವರ್ಷಕ್ಕೆ ಸುಮಾರು ಹತ್ತು ಕೋಟಿ ಜನ ಕಡು ಬಡತನಕ್ಕೆ ಬೀಳುತ್ತಾರೆ ಅಂತ. ಆದರೆ ಇನ್ನೊಂದು ದಿಕ್ಕಿಗೂ ಪುರಾವೆ ಇದೆ. ಕೆನಡಾದಲ್ಲಿ ಡಾಫಿನ್ ಅನ್ನುವ ಸಣ್ಣ ಪಟ್ಟಣ ಇದೆ. 1974ರಿಂದ 1979ರವರೆಗೆ ಅಲ್ಲಿ ಒಂದು ಪ್ರಯೋಗ ಮಾಡಿದರು. ಯಾವ ಮನೆಯ ಆದಾಯವೂ ಒಂದು ಮಟ್ಟಕ್ಕಿಂತ ಕೆಳಗೆ ಬೀಳದ ಹಾಗೆ ಸರ್ಕಾರವೇ ಹಣ ತುಂಬಿಕೊಟ್ಟಿತು. ಹೊಸ ಆಸ್ಪತ್ರೆ ಕಟ್ಟಲಿಲ್ಲ, ಆರೋಗ್ಯದ ಬಗ್ಗೆ ಭಾಷಣ ಮಾಡಲಿಲ್ಲ, ಬರೀ ಹಣ. ವರ್ಷಗಳ ನಂತರ ಎವ್ಲಿನ್ ಫೊರ್ಗೆ ಅನ್ನುವ ಅರ್ಥಶಾಸ್ತ್ರಜ್ಞೆ ಹಳೇ ದಾಖಲೆಗಳನ್ನು ಹುಡುಕಿ ನೋಡಿದರೆ, ಅದೇ ರೀತಿಯ ಬೇರೆ ಜನರಿಗೆ ಹೋಲಿಸಿದಾಗ ಅಲ್ಲಿನವರು ಆಸ್ಪತ್ರೆಗೆ ಸೇರುವುದು 8.5 ಶೇಕಡಾ ಕಡಿಮೆಯಾಗಿತ್ತು. ಮುಖ್ಯವಾಗಿ ಅಪಘಾತ, ಗಾಯ ಮತ್ತು ಮನಸ್ಸಿನ ತೊಂದರೆಗಳು.

ಇನ್ನೊಂದು ಅಧ್ಯಯನ ನನಗೆ ತುಂಬಾ ಇಷ್ಟ. ಅಮೆರಿಕದ ಶೆಲ್ಡನ್ ಕೋಹೆನ್ ಅನ್ನುವ ಮನಶ್ಶಾಸ್ತ್ರಜ್ಞರು ಆರೋಗ್ಯವಾಗಿದ್ದ ಜನರನ್ನು ಕರೆದು ಒಂದು ಏಣಿಯ ಚಿತ್ರ ಕೊಟ್ಟರು. ಸಮಾಜದಲ್ಲಿ ನೀವು ಯಾವ ಮೆಟ್ಟಿಲಲ್ಲಿದ್ದೀರಿ, ಗುರುತು ಹಾಕಿ ಅಂದರು. ಆಮೇಲೆ ಎಲ್ಲರ ಮೂಗಿಗೂ ನೆಗಡಿಯದ್ದೋ ಫ್ಲೂನದ್ದೋ ವೈರಸ್ ಹಾಕಿ, ಬೇರೆ ಯಾರ ಸಂಪರ್ಕವೂ ಆಗದ ಹಾಗೆ ಕೆಲವು ದಿನ ಇರಿಸಿಕೊಂಡರು. ಎಲ್ಲರಿಗೂ ಪರೀಕ್ಷೆ ಒಂದೇ ತರ. ಕೆಳಗಿನ ಮೆಟ್ಟಿಲಿಗೆ ಗುರುತು ಹಾಕಿದವರಿಗೆ ನೆಗಡಿ ಜಾಸ್ತಿ ಬಂತು. ಮಳೆಹನಿ, ಜನ ಕೊಟ್ಟ ಮರ್ಯಾದೆ ಮೈಯೊಳಗೆ ಇಳಿಯುತ್ತದಾ ಅಂತ ನೀವು ಕೇಳಿದಿರಲ್ಲ, ಇದನ್ನೇ ಯೋಚಿಸುತ್ತಿದ್ದೆ.

ಇನ್ನು ಶಿಸ್ತು. 1964ರಲ್ಲಿ ಅಮೆರಿಕ ಸರ್ಕಾರದ ಸರ್ಜನ್ ಜನರಲ್ ವರದಿ ಬಂತು, ಸಿಗರೇಟಿನಿಂದ ಶ್ವಾಸಕೋಶದ ಕ್ಯಾನ್ಸರ್ ಬರುತ್ತದೆ ಅಂತ. ಅಲ್ಲಿಯವರೆಗೆ ಶ್ರೀಮಂತರು, ಓದಿದವರು, ಡಾಕ್ಟರುಗಳು ಎಲ್ಲರೂ ಸೇದುತ್ತಿದ್ದರು. ವರದಿ ಬಂದ ಮೇಲೆ ಓದಿದವರು, ಹಣ ಇದ್ದವರು ಬೇಗ ಬಿಟ್ಟರು. ಕೂಲಿ ಮಾಡುವವರಲ್ಲಿ ಅದು ಹಾಗೇ ಉಳಿಯಿತು. ಆ ವರ್ಷ ಕೂಲಿಯವರೆಲ್ಲ ಒಟ್ಟಿಗೆ ಶಿಸ್ತು ಕಳೆದುಕೊಂಡರು ಅಂತ ಹೇಳಲು ಆಗುತ್ತದಾ? ಬಿಡುವುದಕ್ಕೆ ಏನೇನು ಬೇಕೋ ಅದು ಮೇಲಿನವರ ಹತ್ತಿರ ಇತ್ತು. ಸುದ್ದಿ ಬೇಗ ಸಿಕ್ಕಿತು, ಸುತ್ತಮುತ್ತ ಇದ್ದವರೂ ಬಿಟ್ಟರು, ತಲೆಬಿಸಿಯಾದಾಗ ಸಮಾಧಾನಕ್ಕೆ ಬೇರೆ ದಾರಿ ಇತ್ತು, ಹತ್ತು ವರ್ಷದ ನಂತರದ ಬದುಕಿನ ಬಗ್ಗೆ ಯೋಚಿಸುವಷ್ಟು ಭರವಸೆ ಇತ್ತು. ಮಳೆಹನಿ ಅವರ ಅಪ್ಪ ನಲವತ್ತಕ್ಕೆ ಬಿಟ್ಟಿದ್ದು ಅವರ ಗಟ್ಟಿತನವೇ. ಆ ಗಟ್ಟಿತನಕ್ಕೆ ನಿಲ್ಲಲು ಒಂದು ನೆಲವೂ ಸಿಕ್ಕಿತ್ತು.

ನಿಮ್ಮ ಅಮ್ಮನಂಥವರು ಇರುತ್ತಾರೆ. ಅವರ ಬಗ್ಗೆ ನನಗೆ ಗೌರವ. ಆದರೆ ನಾವು ಮಾತಾಡುತ್ತಿರುವುದು ಲಕ್ಷಾಂತರ ಜನರ ಸರಾಸರಿ. ವಿಶ್ವ ಆರೋಗ್ಯ ಸಂಸ್ಥೆಯ ಆಯೋಗವೊಂದು 2008ರಲ್ಲಿ ಕೊಟ್ಟ ವರದಿಯಲ್ಲಿ ಸ್ಕಾಟ್ಲೆಂಡಿನ ಗ್ಲಾಸ್ಗೊ ಕಡೆಯ ಲೆಕ್ಕ ಇದೆ. ಕ್ಯಾಲ್ಟನ್ ಅನ್ನುವ ಬಡ ಬಡಾವಣೆಯಲ್ಲಿ ಹುಟ್ಟಿದ ಗಂಡು ಮಗುವಿನ ನಿರೀಕ್ಷಿತ ಆಯಸ್ಸು 54 ವರ್ಷ, ಕೆಲವೇ ಮೈಲಿ ದೂರದ ಲೆಂಜಿಯಲ್ಲಿ 82. ಇಪ್ಪತ್ತೆಂಟು ವರ್ಷದ ವ್ಯತ್ಯಾಸ. ಒಂದು ಬಡಾವಣೆಯವರೆಲ್ಲ ಹುಟ್ಟುವಾಗಲೇ ಶಿಸ್ತಿಲ್ಲದೆ ಹುಟ್ಟುವುದಿಲ್ಲ.

ರಾತ್ರಿಪಾಳಿ:

ಹಿಡಿತ ಅನ್ನುವ ಪದ ಓದಿ ನನಗೂ ಬರೆಯಬೇಕು ಅನಿಸಿತು.

ಆರು ವರ್ಷದಿಂದ ಸಾಮಾನು ಪ್ಯಾಕ್ ಮಾಡುವ ದೊಡ್ಡ ಗೋದಾಮಿನಲ್ಲಿ ಇದ್ದೇನೆ. ನಾಳೆ ಯಾವ ಪಾಳಿ ಅಂತ ಹಿಂದಿನ ಸಂಜೆ ಫೋನಿಗೆ ಮೆಸೇಜ್ ಬರುತ್ತದೆ. ಒಮ್ಮೊಮ್ಮೆ ಎರಡು ವಾರ ರಾತ್ರಿ, ನಡುವೆ ಎರಡು ದಿನ ಬೆಳಗ್ಗೆ, ಮತ್ತೆ ರಾತ್ರಿ. ಬೆಳಗ್ಗೆ ಏಳಕ್ಕೆ ಬಂದು ಮಲಗಿದರೆ ರಸ್ತೆಯ ಕಡೆ ಕಿಟಕಿ, ಹಾರ್ನು, ಮಕ್ಕಳ ಗಲಾಟೆ. ನಾಲ್ಕು ಗಂಟೆ ನಿದ್ದೆ ಆದರೆ ಅದೃಷ್ಟ. ಹಸಿವು ಯಾವ ಹೊತ್ತಿಗೆ ಆಗುತ್ತದೆ ಅನ್ನುವುದೇ ಮೈಗೆ ಮರೆತುಹೋಗಿದೆ. ಮದುವೆ ಮುಂಚೆ ನಾನು ಓಡುತ್ತಿದ್ದೆ, ಈಗ 34ಕ್ಕೇ ಶುಗರ್ ಬಾರ್ಡರಿನಲ್ಲಿದೆ ಅಂದರು.

ರಾತ್ರಿ ಪಾಳಿ ಬರೀ ಸುಸ್ತಿನ ವಿಷಯ ಅಲ್ಲ ಅಂತ ಆಮೇಲೆ ಓದಿ ತಿಳಿದುಕೊಂಡೆ. ಕ್ಯಾನ್ಸರ್ ಸಂಶೋಧನೆಯ ಅಂತರರಾಷ್ಟ್ರೀಯ ಸಂಸ್ಥೆ 2007ರಲ್ಲೇ ಇದನ್ನು ಕ್ಯಾನ್ಸರಿಗೆ ಕಾರಣ ಆಗುವ ಸಂಭವ ಇರುವ ಪಟ್ಟಿಗೆ ಸೇರಿಸಿದೆ, 2019ರಲ್ಲಿ ಮತ್ತೆ ಪರಿಶೀಲಿಸಿ ಅಲ್ಲೇ ಉಳಿಸಿತು. ಓವರ್‌ಟೈಮ್ ಬಗ್ಗೆಯೂ ಇದೆ. ವಿಶ್ವ ಆರೋಗ್ಯ ಸಂಸ್ಥೆ ಮತ್ತು ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ 2021ರಲ್ಲಿ ಹೇಳಿದ್ದು, ವಾರಕ್ಕೆ 55 ಗಂಟೆ ಅಥವಾ ಜಾಸ್ತಿ ದುಡಿಯುವವರಿಗೆ 35ರಿಂದ 40 ಗಂಟೆ ದುಡಿಯುವವರಿಗಿಂತ ಪಾರ್ಶ್ವವಾಯುವಿನ ಅಪಾಯ 35 ಶೇಕಡಾ ಹೆಚ್ಚು. ನಾನು 60 ಗಂಟೆ ಮಾಡುತ್ತೇನೆ. ಗೊತ್ತಿದ್ದೂ ಮಾಡುತ್ತೇನೆ. ಬೇಡ ಅಂದರೆ ಮುಂದಿನ ವಾರ ಮೆಸೇಜೇ ಬರುವುದಿಲ್ಲ.

ನಿಮ್ಮ ದೊಡ್ಡಪ್ಪನಿಗೆ ನನ್ನ ನಮಸ್ಕಾರ ಹೇಳಿ.

ತೊಟ್ಟಿಲು:

ಮಳೆಹನಿ, ದೊಡ್ಡಪ್ಪನ ಮಕ್ಕಳ ಬಗ್ಗೆ ನೀವು ಏನೂ ಬರೆಯಲಿಲ್ಲ. ನಾನು ಬಾಣಂತಿಯರ ಜೊತೆ ಕೆಲಸ ಮಾಡುವವಳು, ಅದಕ್ಕೇ ಕೇಳುತ್ತಿದ್ದೇನೆ.

ಇದು ಒಂದು ತಲೆಮಾರಿಗೆ ಮುಗಿಯುವುದಿಲ್ಲ. ಎರಡನೇ ಮಹಾಯುದ್ಧದ ಕೊನೆಯ ಚಳಿಗಾಲ, 1944-45, ನೆದರ್ಲೆಂಡ್ಸಿನಲ್ಲಿ ಘೋರ ಬರ ಬಿತ್ತು. ಆಗ ಹೊಟ್ಟೆಯಲ್ಲಿದ್ದ ಮಕ್ಕಳನ್ನು ಹತ್ತಾರು ವರ್ಷ ಗಮನಿಸಿದ್ದಾರೆ. ಐವತ್ತು ವರ್ಷ ಆದ ಮೇಲೆ ನೋಡಿದರೆ, ಗರ್ಭದ ಮೊದಲ ತಿಂಗಳುಗಳಲ್ಲಿ ಬರ ಕಂಡವರಲ್ಲಿ ಹೃದಯದ ಕಾಯಿಲೆ ಜಾಸ್ತಿ. ಅಮ್ಮ ಹಸಿದಿದ್ದು ಮಗುವಿನ ಮೈಯಲ್ಲಿ ಐವತ್ತು ವರ್ಷ ಕೂತಿತ್ತು. ಇಂಗ್ಲೆಂಡಿನ ಡೇವಿಡ್ ಬಾರ್ಕರ್ ಅನ್ನುವ ಡಾಕ್ಟರ್ ಕೂಡ ಹಳೇ ದಾಖಲೆಗಳಿಂದ ತೋರಿಸಿದರು, ತೂಕ ಕಡಿಮೆ ಹುಟ್ಟಿದ ಮಕ್ಕಳಿಗೆ ದೊಡ್ಡವರಾದ ಮೇಲೆ ಹೃದಯದ ಕಾಯಿಲೆ ಜಾಸ್ತಿ ಅಂತ.

ಹಾಗಂತ ಹಣೆಬರಹ ಅಲ್ಲ. ಗರ್ಭಿಣಿಗೆ ಸರಿಯಾದ ಊಟ, ವಿಶ್ರಾಂತಿ, ಸಂಬಳದ ಜೊತೆ ರಜೆ, ಮಗುವಿಗೆ ಶಾಲೆ ಸಿಕ್ಕರೆ ಎಷ್ಟೋ ಸರಿಹೋಗುತ್ತದೆ, ಅದನ್ನು ನಾನೇ ಕಣ್ಣಾರೆ ನೋಡಿದ್ದೇನೆ. ದೊಡ್ಡಪ್ಪನ ಮಕ್ಕಳಿಗೆ ಮೂವತ್ತು ದಾಟಿದ್ದರೆ ಈಗಲೇ ಒಂದು ಸಲ ಬಿಪಿ, ಶುಗರ್ ನೋಡಿಸಿ.

ನೇರಮಾತು:

ನಿನ್ನೆಯಿಂದ ಯೋಚನೆ ಮಾಡುತ್ತಿದ್ದೇನೆ. ಅಮ್ಮನನ್ನೇ ಕೇಳಿದೆ, ಆಗ ನಿನಗೆ ಕಷ್ಟ ಅನಿಸುತ್ತಿರಲಿಲ್ವಾ ಅಂತ. ಅವರು ಹೇಳಿದ್ದು, "ಕಷ್ಟ ಇತ್ತು. ಮೆಷಿನ್ ನಂದೇ ಆಗಿತ್ತಲ್ಲ. ಸುಸ್ತಾದರೆ ಮಲಗುತ್ತಿದ್ದೆ, ರಾತ್ರಿ ಎದ್ದು ಹೊಲಿಯುತ್ತಿದ್ದೆ. ಯಾರೂ ಬಂದು ಏಳು ಅನ್ನುತ್ತಿರಲಿಲ್ಲ." ಇದು ನನಗೆ ಇಷ್ಟು ವರ್ಷ ಹೊಳೆದೇ ಇರಲಿಲ್ಲ. ಅಣ್ಣ ಕೆಲಸ ಮಾಡುತ್ತಿದ್ದ ಕಾರ್ಖಾನೆಯಲ್ಲಿ ಶೌಚಕ್ಕೆ ಹೋಗಲೂ ಚೀಟಿ ಬರೆಸಿಕೊಳ್ಳಬೇಕಿತ್ತು.

ಆದರೂ ಸಿಗರೇಟು ಬಿಡಲೇಬೇಕು, ಆ ಮಾತಿನಲ್ಲಿ ಬದಲಾವಣೆ ಇಲ್ಲ. ಬೈಯದೆ ಬಿಡಿಸುವುದು ಹೇಗೆ ಅಂತ ನಮ್ಮ ಮನೆಯಲ್ಲಿ ಯಾರೂ ಯೋಚಿಸಲಿಲ್ಲ, ಅದೊಂದು ಈಗ ಚುಚ್ಚುತ್ತಿದೆ.

ಹಳೇಪೆನ್ನು:

ಬಿಡಲೇಬೇಕು, ನಾನೂ ಅದನ್ನೇ ಹೇಳುತ್ತೇನೆ. ಯಾವ ವಯಸ್ಸಿನಲ್ಲಿ ಬಿಟ್ಟರೂ ಲಾಭ ಇದೆ. ಬಿಡಿಸಲು ಔಷಧ, ಸಲಹೆ ಎರಡೂ ಇವೆ, ಬರೀ ಮನಸ್ಸು ಗಟ್ಟಿ ಮಾಡಿಕೊ ಅನ್ನುವುದಕ್ಕಿಂತ ಅವು ಜಾಸ್ತಿ ಕೆಲಸ ಮಾಡುತ್ತವೆ.

ಒಂದು ಹಳೇ ವಿಷಯ ನೆನಪಾಯಿತು. 1848ರಲ್ಲಿ ಪ್ರಷ್ಯಾ ಅನ್ನುವ ಆಗಿನ ಜರ್ಮನ್ ರಾಜ್ಯದ ಸರ್ಕಾರ ರುಡಾಲ್ಫ್ ವಿರ್ಚೊ ಅನ್ನುವ 26 ವರ್ಷದ ಡಾಕ್ಟರನ್ನು ಅಪ್ಪರ್ ಸೈಲೀಷಿಯಾ ಅನ್ನುವ ತನ್ನ ಬಡ ಪ್ರಾಂತ್ಯಕ್ಕೆ ಕಳಿಸಿತು, ಅಲ್ಲಿ ಟೈಫಸ್ ಜ್ವರ ಹರಡಿತ್ತು. ಔಷಧದ ಪಟ್ಟಿ ತರುತ್ತಾನೆ ಅಂತ ಕಾದಿದ್ದವರಿಗೆ ಅವರು ಬರೆದುಕೊಟ್ಟಿದ್ದು ಶಾಲೆ, ರಸ್ತೆ, ಜನರಿಗೆ ಅಧಿಕಾರ, ಬಡವರ ಮೇಲಿನ ತೆರಿಗೆ ಇಳಿಸುವುದು. ಡಾಕ್ಟರ್ ಒಬ್ಬರು ಹಾಗೆ ಬರೆದು ನೂರೆಪ್ಪತ್ತು ವರ್ಷದ ಮೇಲಾಯಿತು. ಇವತ್ತೂ ನಾವು ರೋಗಿಗೆ ಟೆನ್ಶನ್ ಮಾಡಿಕೊಳ್ಳಬೇಡಿ ಅಂತಲೇ ಹೇಳಿ ಕಳಿಸುತ್ತಿದ್ದೇವೆ, ನನಗೆ ನಿಜಕ್ಕೂ ನೋವಾಗುತ್ತದೆ.

ಮಳೆಹನಿ:

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಅಪ್ಪನಿಗೆ ಎಲ್ಲಾ ಓದಿ ಹೇಳಿದೆ. ಎರಡನೇ ಸಲ ಓದಿಸಿಕೊಂಡರು.

ಸಿಸ್ಟರ್, ನೀವು ಹೇಳಿದ ಹಾಗೆ ಭಾನುವಾರ ಹೋಗಿ ಮಾತ್ರೆ ಎಣಿಸಿದೆ. ಶುಗರ್ ಮಾತ್ರೆ ಸರಿಯಾಗಿದೆ. ಬಿಪಿಯದ್ದು ಎರಡು ತರ ಇದೆ, ಒಂದು ಸರಿಯಾಗಿದೆ, ಇನ್ನೊಂದರಲ್ಲಿ ಹತ್ತೊಂಬತ್ತು ಜಾಸ್ತಿ ಉಳಿದಿದೆ. ಬೈಯದೆ ಕೇಳಿದೆ. ಮೊದಲು ಮರೆತುಹೋಯಿತು ಅಂದರು. ಸುಮ್ನೆ ಪಕ್ಕದಲ್ಲಿ ಕೂತೆ. ಆಮೇಲೆ ತಾವೇ ಹೇಳಿದರು. ಆ ಮಾತ್ರೆ ತೆಗೆದುಕೊಂಡರೆ ಗಂಟೆಗೊಂದು ಸಲ ಮೂತ್ರಕ್ಕೆ ಹೋಗಬೇಕಂತೆ. ಗೇಟಿನ ಹತ್ತಿರ ಶೌಚಾಲಯ ಇಲ್ಲ, ಗೋದಾಮಿನ ಆ ತುದಿಯಲ್ಲಿದೆ, ಈ ಮಂಡಿಯಲ್ಲಿ ಹೋಗಿ ಬರಲು ಇಪ್ಪತ್ತು ನಿಮಿಷ. ಅಷ್ಟರಲ್ಲಿ ಲಾರಿ ಬಂದು ಹಾರ್ನ್ ಹೊಡೆದರೆ ಸೂಪರ್‌ವೈಸರ್ ಎಲ್ಲರ ಮುಂದೆ ಕೂಗಾಡುತ್ತಾನಂತೆ. ಅದಕ್ಕೆ ರಜೆಯ ದಿನ ಮಾತ್ರ ಆ ಮಾತ್ರೆ. ಕೆಲಸದ ದಿನ ನೀರನ್ನೂ ಕಡಿಮೆ ಕುಡಿಯುತ್ತಾರೆ. ಎರಡು ವರ್ಷದಿಂದ ಹೀಗೆ. ಯಾಕೆ ಹೇಳಲಿಲ್ಲ ಅಂದರೆ, "ಡಾಕ್ಟರಿಗೆ ಇದನ್ನೆಲ್ಲಾ ಹೇಳ್ತಾರೇನೋ" ಅಂದರು.

ಬಾಗಿಲ ಹತ್ತಿರ ನಿಂತಿದ್ದ ದೊಡ್ಡಮ್ಮನಿಗೂ ಇದು ಗೊತ್ತಿರಲಿಲ್ಲ.

ವಾರ್ಡ್ ಏಳು:

ಅಯ್ಯೋ, ಇದನ್ನು ಖಂಡಿತ ಡಾಕ್ಟರಿಗೆ ಹೇಳಬೇಕು. ನೀವಾಗಿ ಮಾತ್ರೆ ನಿಲ್ಲಿಸುವುದಾಗಲಿ, ಹೊತ್ತು ಬದಲಿಸುವುದಾಗಲಿ ಮಾಡಬೇಡಿ. ಅದು ಮೂತ್ರ ಜಾಸ್ತಿ ಬರಿಸುವ ಮಾತ್ರೆ ಇರಬೇಕು, ಬಿಪಿಗೆ ಅಂಥದ್ದು ಕೊಡುವುದು ಸಾಮಾನ್ಯ. ಅದರ ಬದಲು ಬೇರೆ ಗುಂಪಿನ ಮಾತ್ರೆಗಳೂ ಇವೆ, ಯಾವುದು ಹೊಂದುತ್ತದೆ ಅಂತ ಅವರೇ ನೋಡಬೇಕು. ಗೇಟು, ಶೌಚಾಲಯದ ದೂರ, ನೀರು ಕಡಿಮೆ ಕುಡಿಯುವುದು, ಮೂರನ್ನೂ ಇದೇ ಮಾತಿನಲ್ಲಿ ಹೇಳಿ. ಮಾತ್ರೆಯ ಹಾಳೆಗಳನ್ನು ತೆಗೆದುಕೊಂಡು ಹೋಗಿ ಮೇಜಿನ ಮೇಲಿಡಿ.

ಮಳೆಹನಿ:

ಗುರುವಾರಕ್ಕೆ ಚೀಟಿ ಮಾಡಿಸಿದ್ದೇನೆ. ಅವತ್ತು ಗೇಟಿನಲ್ಲಿ ದೊಡ್ಡಪ್ಪನ ಬದಲು ಕೂರಲು ಅಪ್ಪ ಹೋಗುತ್ತಾರಂತೆ, ಸೂಪರ್‌ವೈಸರ್ ಹತ್ತಿರ ತಾವೇ ಮಾತಾಡಿಕೊಂಡು ಬಂದಿದ್ದಾರೆ.